ಕಾಮಣ್ಣ ಒಲ್ಲೆನೆಂದ ಕೊರಡು

ನಿವೃತ್ತನಾದ ವರ್ಷ, ಎಂದರೆ ೨೦೦೪ರಲ್ಲಿ, ನಾನೊಂದು ಘೋರ ಪ್ರತಿಜ್ಞೆ ಮಾಡಿದೆ: ಅಗಡಿಯ ನನ್ನ ಮಾವಿನ ತೋಪಿನಲ್ಲಿ ಹಾನಗಲ್ಲಿನ ಕಾಡನ್ನೇ ಎಬ್ಬಿಸಿ, ಹೆಂಡತಿಗೆ ಅವಳ ತವರಿನ ಅಣಬೆ ಉಣಿಸುತ್ತೇನೆ!

ಕಾರಣವಿತ್ತು. ಮದುವೆಯಾದ ಹೊಸತರಲ್ಲಿ ಸುಶೀಲವ್ವ ಒಂದೇ ಒಂದು ಸಲ, "ನಮ್ಮ ಕಡೆ ಮಳಿಗಾಲದಾಗ ಕೊರಡಿನ ಮ್ಯಾಲ ಅಣಬಿ ಏಳ್ತಾವ. ಅವ್ವ ಮಾಡೋ ಪಲ್ಯ ನೆನಪಾಗತೈತ್ರಿ" ಅಂದಿದ್ದಳು. "ತರ್ತೇನಿ" ಅಂದಿದ್ದೆ. ಮನೆಪಾಠ ಮಾಡದ ಮಕ್ಕಳನ್ನು ಮೂವತ್ತೊಂದು ವರ್ಷ ಬೆಂಚಿನ ಮೇಲೆ ನಿಲ್ಲಿಸಿದ ನಾನು, ನನ್ನ ಪಾಠವನ್ನೇ ಮಾಡಿರಲಿಲ್ಲ. ಅವಳು ಮತ್ತೆ ಕೇಳಲೂ ಇಲ್ಲ.

ದೀಪಾವಳಿಗೆ ಅವಳ ತವರಿಗೆ ಹೋದಾಗ, ಅಣಬೆ ಎದ್ದಿದ್ದ ಹಳೆಯ ಕೊರಡಿನ ಚೂರುಗಳನ್ನು ಚೀಲದಲ್ಲಿ ತಂದೆ. ಮೂರು ಹಸಿ ಮಾವಿನ ಕೊರಡುಗಳಿಗೆ ತೂತು ಕೊರೆದು, ಚೂರು ತುಂಬಿ, ಮೇಣ ಮೆತ್ತಿ, ತೋಪಿನ ದಟ್ಟ ನೆರಳಿನಲ್ಲಿ ಮಲಗಿಸಿದೆ. ದಿನಕ್ಕೆ ಎರಡು ಸಲ ಕೊಡಗಟ್ಟಲೆ ನೀರು!

"ಹಡದ ಮಕ್ಕಳಿಗೆ ಒಮ್ಮೆರ ಹಿಂಗ ಜಳಕಾ ಮಾಡಿಸೀರೇನು?" ಅಂದಳು ಸುಶೀಲವ್ವ.

"ಮಳಿಗಾಲ ಬರಲಿ, ನೋಡಂತಿ!"

ಮಳೆಗಾಲಕ್ಕಿಂತ ಮೊದಲು ಬಂದದ್ದು ಹೋಳಿ. ನನ್ನ ಹಳೆಯ ವಿದ್ಯಾರ್ಥಿ ಪ್ರವೀಣಕುಮಾರ ಈಗ ತರುಣ ಸಂಘದ ಅಧ್ಯಕ್ಷ. ಕಾಮಣ್ಣನಿಗೆ ಬೆಂಕಿ ಇಡುವ ಗೌರವವನ್ನು ನನಗೇ ಕೊಟ್ಟ. ನಸುಕಿನಲ್ಲಿ ಊರೆಲ್ಲ ನೆರೆದಿತ್ತು. ಉಬ್ಬಿಹೋದ ನಾನು ಭಾಷಣ ಬಿಗಿದೆ: "ಕಾಮಣ್ಣನಿಗೆ ಕಟ್ಟಿಗೆ ಕದ್ದು ತರುವುದು ನಮ್ಮ ಸಂಪ್ರದಾಯ. ಕಳೆದುಕೊಂಡವರು ಬೈಯಬಾರದು, ಹಿಂದಕ್ಕೆ ಕೇಳಲಂತೂ ಕೂಡದು!"

ಚಪ್ಪಾಳೆಯೋ ಚಪ್ಪಾಳೆ! ಪ್ರವೀಣಕುಮಾರ ಎಲ್ಲರಿಗಿಂತ ಜೋರಾಗಿ ತಟ್ಟಿದ.

ಬೆಂಕಿ ಇಟ್ಟೆ. ಸಗಣಿಯ ಕುಳ್ಳು ಉರಿಯಿತು, ಯಾರದೋ ಮುರುಕು ಬಾಗಿಲು ಉರಿಯಿತು. ನಡುವಿನ ಮೂರು ಕೊರಡು ಮಾತ್ರ ಬುಸುಗುಟ್ಟಿದವು. ಚಿಮಣಿ ಎಣ್ಣೆ ಸುರಿದರೂ ಬರಿಯ ಹೊಗೆ! ಕಾಮಣ್ಣ ಸತ್ತನೆಂದು ಬಾಯಿ ಬಡಿದುಕೊಂಡು ಹುಸಿ ಅಳು ಅಳುವುದು ವಾಡಿಕೆ. ಆ ವರ್ಷ ಯಾರೂ ನಟಿಸಬೇಕಾಗಲಿಲ್ಲ. ಊರಿಗೆ ಊರೇ ಕಣ್ಣೊರೆಸಿಕೊಂಡಿತು.

"ಯಾವ ಹುಚ್ಚನ ಕಟ್ಟಿಗಿಲೇ ಇವು? ಎಮ್ಮಿ ಕುಡದಂಗ ನೀರು ಕುಡದಾವ!" ಎಂದು ಗುಡುಗಿದೆ.

ಪ್ರವೀಣಕುಮಾರ ತಲೆ ಕೆರೆದುಕೊಂಡ. "ನಿಮ್ಮ ತೋಪಿನವ್ರಿ, ಸರ್."

ಹೊಗೆಯಲ್ಲಿ ಇಣುಕಿದೆ. ಕೊರಡಿನ ಮೈಮೇಲೆ ನಾನು ಮೆತ್ತಿದ ಮೇಣ ಕರಗಿ ಇಳಿಯುತ್ತಿತ್ತು!

"ಕೇಳ್ರಿ ಮತ್ತ ಹಿಂದಕ್ಕ," ಎಂದು ಸುಶೀಲವ್ವ ಪಿಸುಗುಟ್ಟಿದಳು. ಅವಳ ಕಣ್ಣೂ ಕೆಂಪಾಗಿದ್ದವು. ಹೊಗೆಯಿಂದಲೇ ಎಂದು ನಂಬಲು ನಾನು ಬಹಳ ಪ್ರಯತ್ನಪಟ್ಟೆ.

ಎರಡು ಕೊರಡು ಹೇಗೋ ಸುಟ್ಟವು. ಮೂರನೆಯದರ ತೊಗಟೆಯಷ್ಟೇ ಕಪ್ಪಾಯಿತು. "ಕಾಮಣ್ಣ ಒಲ್ಲೆ ಅಂದದ್ದು ನಮಗಿರಲಿ," ಎಂದು ಪಕ್ಕದ ಮನೆಯ ಚಾಂದಸಾಬ ಅದನ್ನು ಉರುಳಿಸಿಕೊಂಡು ಹೋಗಿ ಹಿತ್ತಲಿನ ಬೇವಿನ ನೆರಳಿಗೆ ಹಾಕಿದ. ಅವನ ಹೆಂಡತಿ ಕುಲ್ಸುಮಬಿ ಅದರ ಮೇಲೆ ಕುಳಿತು ದಿನವೂ ಬಾಂಡೆ ತಿಕ್ಕುವಳು. ನಾನು ಬೇಲಿಯಾಚೆಯಿಂದ ನಿಟ್ಟುಸಿರು ಬಿಡುವೆನು. ಕೇಳುವಂತಿಲ್ಲವಲ್ಲ, ಭಾಷಣ ನನ್ನದೇ!

ಆಷಾಢದ ಜಿಟಿಜಿಟಿ ಮಳೆ ಹಿಡಿಯಿತು. ಒಂದು ಮುಂಜಾನೆ ಕುಲ್ಸುಮಬಿ ತಟ್ಟೆ ಹಿಡಿದು ಓಡಿಬಂದಳು.

"ಅಕ್ಕಾರ, ನಾ ಕುಂದ್ರೋ ಕೊರಡಿಗೆ ಬೆಳ್ಳಗ ಕಿವಿ ಮೂಡ್ಯಾವ! ನಮ್ಮನಿಯವ್ರು ಅಂಜಿ ಹಿತ್ತಲಕ್ಕ ಬರವಲ್ರು. ಲಗೂ ನೋಡ್ರಿ, ಏನಿವು?"

ಸುಶೀಲವ್ವ ಒಂದನ್ನೆತ್ತಿ ತಿರುವಿ ನೋಡಿದಳು. ಮೂಗಿಗೆ ಹಿಡಿದಳು.

"ನಮ್ಮವ್ವನ ಅಣಬಿ," ಅಂದಳು.

ಅಂದು ಎರಡೂ ಮನೆಯವರು ನಮ್ಮ ಪಡಸಾಲೆಯಲ್ಲಿ ರೊಟ್ಟಿಯ ಜೊತೆ ಅಣಬೆ ಪಲ್ಯ ಉಂಡೆವು. ಪ್ರವೀಣಕುಮಾರನಿಗೂ ಹೇಳಿ ಕಳಿಸಿದ್ದೆ. ತಲೆಗೆ ಎರಡೇ ಚಮಚ ಬಂದಿತು. ಕದ್ದವನಿಗೆ, ಉರುಳಿಸಿಕೊಂಡು ಹೋದವನಿಗೆ, ಬಾಂಡೆ ತೊಳೆದ ನೀರೆರೆದ ತಾಯಿಗೆ ಮನಸ್ಸಿನಲ್ಲೇ ಕೈಮುಗಿದೆ. ಇವರಿಲ್ಲದಿದ್ದರೆ ನನ್ನ ಮಾತು ಮಾತಾಗಿಯೇ ಉಳಿಯುತ್ತಿತ್ತು. ಆದರೆ ನಾಲಗೆ ಸುಮ್ಮನಿರಬೇಕಲ್ಲ!

"ನೋಡಿದಿ? ಕೊಟ್ಟ ಮಾತು ನಡಿಸಿದೆ. ಮುಂದಿನ ವರ್ಷ ಹತ್ತು ಕೊರಡು!"

ಸುಶೀಲವ್ವ ತನ್ನ ಪಾಲಿನ ಒಂದು ಚೂರನ್ನು ನನ್ನ ತಟ್ಟೆಗೆ ಹಾಕಿದಳು.

"ಹತ್ತಲ್ಲ, ಇಪ್ಪತ್ತು ತರ್ರಿ. ಪ್ರವೀಣ ಕದೀಲಿ, ಕುಲ್ಸುಮ ಕುಂದ್ರಲಿ. ನೀವು ಮಾತ್ರ ಕೈ ಹಚ್ಚಬ್ಯಾಡ್ರಿ!"