ಸೌನಾ ಗೋಡೆಯ ತಾಪಮಾಪಕರಿಗೆ

ರೊವಾನಿಯೆಮಿ, ನವೆಂಬರ್ ೨೮

ವಿದ್ಯಾರ್ಥಿನಿಲಯದ ಸಿ ಕಟ್ಟಡದ ಕೆಳಗಿನ ಕಾರಿಡಾರಿನಲ್ಲಿ ಬೆಂಕಿಪೆಟ್ಟಿಗೆಯಷ್ಟು ಗಾತ್ರದಲ್ಲಿ ವಿರಾಜಮಾನರಾಗಿ, ಮೂವತ್ತೆರಡು ಕೋಣೆಗಳ ಚಳಿ ಸೆಕೆಗಳನ್ನು ಒಬ್ಬರೇ ತೀರ್ಮಾನಿಸುತ್ತಿರುವ ಶ್ರೀ ತಾಪಮಾಪಕರಿಗೆ, ಹದಿನಾಲ್ಕನೇ ಕೋಣೆಯ ಹಿಲ್ಕಾ ರಂತಲಾ ಬಹುದಿನಗಳ ಮೇಲೆ ಕೈಗವಸು ಕಳಚಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಮ್ಮಂಥ ದೊಡ್ಡವರಿಗೆ ನೇರವಾಗಿ ಬರೆಯುವ ಧೈರ್ಯ ನನಗೆ ಸುಲಭಕ್ಕೆ ಬಂದದ್ದಲ್ಲ. ನನ್ನ ಕೋಣೆಯಲ್ಲಿ ಹದಿಮೂರು ಡಿಗ್ರಿ ಇದೆಯೆಂದು ವಸತಿ ಕಚೇರಿಯ ಶ್ರೀ ತೌನೋ ಕೆತ್ತುನೆನ್ ಅವರಿಗೆ ನಾನು ಹನ್ನೊಂದು ಪತ್ರ ಬರೆದೆ. ಹನ್ನೊಂದಕ್ಕೂ ಅವರು, ಮಾಪಕದ ಪ್ರಕಾರ ನಿಮ್ಮ ಕಟ್ಟಡದಲ್ಲಿ ಇಪ್ಪತ್ತಾರು ಡಿಗ್ರಿ ಇರುವುದರಿಂದ ದಯವಿಟ್ಟು ಕಿಟಕಿ ತೆರೆದು ಗಾಳಿಯಾಡಲು ಬಿಡಿ ಎಂದು ಬಹಳ ಸೌಜನ್ಯದಿಂದ ಉತ್ತರಿಸಿದರು. ಕಿಟಕಿಯಾಚೆ ಆಗ ಸೊನ್ನೆಗಿಂತ ಇಪ್ಪತ್ತನಾಲ್ಕು ಡಿಗ್ರಿ ಕೆಳಗಿತ್ತು.

ತಮ್ಮನ್ನು ಕೂರಿಸಲು ಇಡೀ ಕಟ್ಟಡದಲ್ಲಿ ಆ ಒಂದೇ ಗೋಡೆಯನ್ನು ಆರಿಸಿದ ಮಹಾನುಭಾವರು ಯಾರೋ, ಅವರಿಗೆ ನಮ್ಮ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಡಬೇಕು. ಆ ಗೋಡೆಯ ಆಚೆ ಬದಿಗೆ ನಮ್ಮ ಉಗಿಸ್ನಾನದ ಕೋಣೆಯಾದ ಸೌನಾದ ಒಲೆಯಿದೆ. ದಿನಾ ಮಧ್ಯಾಹ್ನ ಒಲೆ ಹೊತ್ತಿಸಿ, ಕಾದ ಕಲ್ಲಿಗೆ ನೀರೆರೆದು ನಾವು ಉಗಿ ಎಬ್ಬಿಸಿದ ಕೂಡಲೇ ತಮ್ಮ ಬೆನ್ನು ಬೆಚ್ಚಗಾಗುತ್ತದೆ. ತಮಗೆ ಸೆಕೆಯಾಯಿತೆಂದರೆ ಊರಿಗೆಲ್ಲ ಸೆಕೆಯಾದಂತೆಯೇ ಎಂದು ತಿಳಿದು ತಾವು ಮೂವತ್ತೆರಡು ಕೋಣೆಗಳ ಹೀಟರುಗಳನ್ನೂ ಆರಿಸಿಬಿಡುತ್ತೀರಿ. ನನ್ನ ಬೆಣ್ಣೆ ಬ್ರೆಡ್ಡಿನ ಮೇಲೆ ಹರಡುವುದನ್ನು ಬಿಟ್ಟು ಬ್ರೆಡ್ಡನ್ನೇ ಹರಿಯುತ್ತಿತ್ತು. ಕಂಪ್ಯೂಟರಿನಲ್ಲಿ ಪಾಠ ಕೇಳಲು ಟೋಪಿ, ಮಫ್ಲರು, ಕೋಟು ಹಾಕಿಕೊಂಡು ಕೂತ ನನ್ನನ್ನು ಕಂಡು ನಮ್ಮ ಪ್ರೊಫೆಸರು, "ಎಲ್ಲಿಗಾದ್ರೂ ಹೊರಟಿದ್ದೀಯೇನಮ್ಮಾ? ಹೋಗಿ ಬಾ, ಪಾಠ ಆಮೇಲೆ ನೋಡ್ಕೋಬಹುದು" ಎಂದರು.

ಅಕ್ಟೋಬರಿನಲ್ಲಿ ಕೆತ್ತುನೆನ್ ಸ್ವತಃ ದಯಮಾಡಿಸಿದ್ದು ತಮಗೆ ನೆನಪಿರಬಹುದು. ಕೋಟಿನ ಗುಂಡಿಗಳನ್ನು ಗಲ್ಲದವರೆಗೂ ಹಾಕಿಕೊಂಡೇ ತಮ್ಮ ಮುಂದೆ ನಿಂತು, "ಎಷ್ಟು ಬೆಚ್ಚಗಿದೆಯಲ್ರೀ! ನಮ್ಮ ಆಫೀಸಿಗಿಂತ ವಾಸಿ" ಎಂದರು. ಪಕ್ಕದ ಕೋಣೆಯ ಇಂಕೇರಿ, ಅರಣ್ಯಶಾಸ್ತ್ರ ಓದುವವಳು, "ಒಂದ್ಸಲ ರೂಮಿಗೆ ಬಂದು ನೋಡಿ ಸಾರ್" ಎಂದು ಬೇಡಿದಳು. "ರೂಮು ರೂಮಿಗೂ ಹೋಗಿ ನೋಡ್ತಾ ಕೂರೋದಾದ್ರೆ ಈ ಮಾಪಕ ಯಾಕಮ್ಮಾ ಬೇಕಿತ್ತು?" ಎಂದು ಕೇಳಿ ಅವರು ಬಂದ ದಾರಿ ಹಿಡಿದರು.

ಆಮೇಲೆ ನಮ್ಮ ಪತ್ರಗಳ ಕಾಟಕ್ಕೆ ಅವರಿಗೊಂದು ಪರಿಹಾರ ಹೊಳೆಯಿತು. ತಮ್ಮನ್ನು ಎರಡು ಮಾರು ಆಚೆ ಸರಿಸುವುದು ಹೊಸ ಯೋಜನೆಯಾಗುವುದರಿಂದ ಅದನ್ನು ಮುಂದಿನದರ ಮುಂದಿನ ವಸಂತದಲ್ಲಿ ಪರಿಶೀಲಿಸಲಾಗುವುದು; ಅಲ್ಲಿಯವರೆಗೆ, ಡಿಸೆಂಬರ್ ಒಂದರಿಂದ, ಸೌನಾಕ್ಕೆ ಬೀಗ.

ಮಾನ್ಯರೇ, ಇಲ್ಲಿ ನಾನು ವ್ಯಂಗ್ಯವನ್ನು ಸ್ವಲ್ಪ ಬದಿಗಿಡುತ್ತೇನೆ. ನಮ್ಮ ಕಟ್ಟಡದಲ್ಲಿ ಹೊರಗೆ ಹೊರಟವರು ಮೊದಲು ಬಾಗಿಲ ಕಿಂಡಿಯಲ್ಲಿ ಕಣ್ಣಿಟ್ಟು, ಕಾರಿಡಾರಿನಲ್ಲಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಚಿಲಕ ತೆಗೆಯುವುದು, ನಾನೂ ಹಾಗೆಯೇ. ಮೊದಲ ವರ್ಷ ಇಲ್ಲಿಗೆ ಬಂದಾಗ ಒಮ್ಮೆ ಹನ್ನೊಂದು ದಿನ ಯಾರೊಡನೆಯೂ ಒಂದು ಮಾತೂ ಆಡಿರಲಿಲ್ಲ, ನನ್ನ ದನಿ ನನಗೇ ಮರೆತುಹೋಗಿತ್ತು. ಹನ್ನೆರಡನೆಯ ದಿನ, ಗುರುವಾರ, ಹೆಂಗಸರ ಸರದಿಯಲ್ಲಿ ಸೌನಾದ ಮೇಲಿನ ಹಲಗೆಯಲ್ಲಿ ಕೂತಿದ್ದಾಗ ಉಗಿಯೊಳಗಿಂದ ಯಾರೋ, "ನಿನ್ನ ಅಲಾರಂ ಹೊಡ್ಕೊಂಡಾಗ್ಲೇ ಕಣೇ ನಾನೂ ಏಳೋದು. ಭಾನುವಾರ ಯಾಕೆ ಇಡಲ್ಲ ನೀನು?" ಎಂದರು. ಅದು ಇಂಕೇರಿ. ಆ ದಿನ ನಾನು ಅತ್ತೆ. ಎಲ್ಲರೂ ಬೆವೆತಿದ್ದರಿಂದ ಯಾರಿಗೂ ತಿಳಿಯಲಿಲ್ಲ. ಶ್ರೀ ಕೆತ್ತುನೆನ್ ಬೀಗ ಹಾಕಲು ಹೊರಟಿದ್ದು ಈ ಕೋಣೆಗೆ.

ಸಭೆ ಸೇರಿದೆವು. ಒಂದು ಕುರ್ಚಿ ಬಿಟ್ಟು ಒಂದರಲ್ಲಿ ಕೂತು, ಕೋಣೆಗೆ ಶಾಖ ಬೇಕೋ ಸೌನಾ ಬೇಕೋ ಎಂದು ಕೇಳಿಕೊಂಡಾಗ ಮೂವತ್ತೆರಡೂ ಕೈಗಳು ಗವಸಿನೊಂದಿಗೆ ಸೌನಾದ ಪರ ಮೇಲೆದ್ದವು. ಚಳಿ ಎಂದು ದೂರಿದವರೇ ಶಾಖವನ್ನು ಬೇಡವೆಂದದ್ದು ಕಂಡು ತಮಗೆ ನಗು ಬಂದಿರಬಹುದು. ಕೆತ್ತುನೆನ್ ಅವರಿಗಂತೂ ಬಂತು. ಆ ಠರಾವನ್ನು ಅವರು, ಇಪ್ಪತ್ತಾರು ಡಿಗ್ರಿಯಲ್ಲಿ ಇರುವವರಿಗೆ ಚಳಿಯ ಬಗ್ಗೆ ಅಭಿಪ್ರಾಯವಿರಲು ಸಾಧ್ಯವಿಲ್ಲ ಎಂಬ ಷರಾದೊಂದಿಗೆ ಹಿಂದಿರುಗಿಸಿದರು.

ಆದ್ದರಿಂದ ಮಂಗಳವಾರ ಬೆಳಿಗ್ಗೆ, ಇಂಕೇರಿ ಸೆಪ್ಟೆಂಬರಿನಲ್ಲಿ ಕಾಡಿನಿಂದ ಆಯ್ದು ಫ್ರೀಜರಿನಲ್ಲಿಟ್ಟಿದ್ದ ಕೆಂಪು ಹಣ್ಣಿನ ಚೀಲವೊಂದನ್ನು ತಮ್ಮ ಕೊರಳಿಗೆ ಹಾರವಾಗಿ ಹಾಕಿದೆವು. ಅದು ಕರಗುವ ಮೊದಲೇ ಇನ್ನೊಂದು ಹಾಕುತ್ತ ಬಂದೆವು. ತಾವು ನಾಲ್ಕು ಡಿಗ್ರಿ ಎಂದು ಕಚೇರಿಯ ಪರದೆಗೂ ನುಡಿದಿರಿ. ಎರಡು ತಿಂಗಳು ನಮ್ಮ ಹಲ್ಲು ಕಟಕಟಿಸಿದ್ದು ಕೇಳದ ಕಚೇರಿಯಿಂದ ನಲವತ್ತು ನಿಮಿಷದಲ್ಲಿ ವ್ಯಾನು ಬಂತು. ಸದ್ದಾದೊಡನೆ ಹಾರ ತೆಗೆದು ಬಚ್ಚಿಟ್ಟೆವು, ತಾವು ಮಾತ್ರ ಇನ್ನೂ ನಡುಗುತ್ತಲೇ ಇದ್ದಿರಿ. ಅಷ್ಟರಲ್ಲಿ ಹೀಟರುಗಳೆಲ್ಲ ಕಾದು ನಾವು ತೆಳು ಅಂಗಿಯಲ್ಲಿ ಓಡಾಡುತ್ತಿದ್ದೆವು. ಕೆತ್ತುನೆನ್ ತಮ್ಮ ಅಂಕಿಯನ್ನು ನೋಡಿ, ಹಣೆಯಿಂದ ಬೆವರು ಇಳಿಯುತ್ತಿದ್ದರೂ ಕೋಟಿನ ಕಾಲರು ಎತ್ತಿಕೊಂಡು, "ಅಯ್ಯಯ್ಯೋ, ಈ ಚಳೀಲಿ ಹೇಗ್ರಪ್ಪಾ ಇದ್ದೀರಿ!" ಎಂದು ನಿಜವಾಗಿ ನಡುಗಿದರು. ನಿನ್ನೆ ಅವರ ಆದೇಶ ಬಂದಿದೆ: ಮಾಪಕದ ಗೋಡೆ ಅಪಾಯಕಾರಿಯಾಗಿ ತಣ್ಣಗಾಗಿರುವುದರಿಂದ, ಅದನ್ನು ಬೆಚ್ಚಗಿಡಲು ಸೌನಾದ ಒಲೆಯನ್ನು ಚಳಿಗಾಲ ಮುಗಿಯುವವರೆಗೆ ಒಂದು ದಿನವೂ ತಪ್ಪದೆ ಉರಿಸತಕ್ಕದ್ದು. ತಮಗೆ ಹಾರ ಹಾಕುವುದನ್ನು ನಾವೂ ತಪ್ಪಿಸುವುದಿಲ್ಲವಾದ್ದರಿಂದ ಕೋಣೆಗಳೂ ಬೆಚ್ಚಗಿರುತ್ತವೆ.

ತಮ್ಮ ಪ್ರಭಾವ ಇಷ್ಟಿರುವಾಗ ನನ್ನದೊಂದೆರಡು ಬೇಡಿಕೆಗಳಿವೆ. ದಯವಿಟ್ಟು ಕೆತ್ತುನೆನ್ ಅವರ ಕುರ್ಚಿಗೆ ತಾವೇ ಅರ್ಜಿ ಹಾಕಿ. ಈಗಲೂ ಕೆಲಸವೆಲ್ಲ ತಮ್ಮದೇ ತಾನೇ. ಸಾಧ್ಯವಾದರೆ ಜೂನ್ ತಿಂಗಳನ್ನು ಜನವರಿಗೆ ಕಳಿಸಿಕೊಡಿ. ತಾವು ಹೇಳಿದರೆ ಅದೂ ಬಂದೀತು.

ತಮ್ಮ ವಿಶ್ವಾಸಿ,
ಹಿಲ್ಕಾ ರಂತಲಾ

ತಾ.ಕ.: ಈ ಪತ್ರವನ್ನು ತಮ್ಮ ಪಕ್ಕದಲ್ಲೇ ಗೋಡೆಗೆ ಅಂಟಿಸಿದ್ದೇನೆ. ಕಚೇರಿಯವರು ತಮ್ಮ ಅಂಕಿಯನ್ನಲ್ಲದೆ ಬೇರೇನನ್ನೂ ಓದುವುದಿಲ್ಲವಾದ್ದರಿಂದ ಗುಟ್ಟು ಭದ್ರವಾಗಿದೆ. ಒಂದು ವೇಳೆ ಕೆತ್ತುನೆನ್ ಓದಿಯೇಬಿಟ್ಟರೆ, ಶನಿವಾರ ಗಂಡಸರ ಸರದಿಗೆ ಅವರಿಗೂ ಮೇಲಿನ ಹಲಗೆಯಲ್ಲಿ ಜಾಗವಿದೆ ಎಂದು ತಿಳಿಸಿ. ಆದರೆ ಅಲ್ಲಿ ಮಾಪಕವಿಲ್ಲ. ಬಿಸಿಯೋ ತಣ್ಣಗೋ ಎಂಬುದನ್ನು ಅವರು ಕೋಟು ಬಿಚ್ಚಿ ಸ್ವಂತ ಮೈಯಿಂದಲೇ ತಿಳಿಯಬೇಕಾಗುತ್ತದೆ.