ಇಪ್ಪತ್ತೇಳನೇ ಸೀಟಿನ ಹಾಜಿ

ಮದುವೆಯಾಗಿ ಒಂಬತ್ತು ವರ್ಷವಾದರೂ ಯದುಲ್ಲಾನಿಗೆ ಅವನ ಮಾವ ಒಂದೇ ಒಂದು ಕೆಲಸ ಹೇಳಿದ್ದಿಲ್ಲ. ಹೇಳಿದರೆ ಕೆಡುತ್ತದೆ ಎಂಬುದು ಇಸ್ಫಹಾನಿನಲ್ಲಿರುವ ಹಾಜಿ ನುಸ್ರತ್ ಜಲಾಲಿಯವರ ಗಟ್ಟಿ ಅಭಿಪ್ರಾಯ. ಹಾಗಾಗಿ ಬುಧವಾರ ಸಂಜೆ ಹೆಂಡತಿ ತೂಬಾ ಒಲೆಯ ಮೇಲೆ ಬದನೆಕಾಯಿ ಹುರಿಯುತ್ತಲೇ ಫೋನಿನಲ್ಲಿ ಮಾತಾಡಿ ಮುಗಿಸಿ, "ರೀ, ಅಪ್ಪಂಗೆ ಸೈಕಲ್ ಬೇಕಂತೆ. ನಾಳೇನೇ!" ಎಂದಾಗ ಯದುಲ್ಲಾ ಪ್ರಶಸ್ತಿ ಬಂದವನಂತೆ ಎದ್ದು ನಿಂತ.

ಹಾಜಿಯವರು ಯಜ್ದ್ ಬಿಟ್ಟು ಇಸ್ಫಹಾನಿಗೆ ಮನೆ ಬದಲಿಸಿದಾಗ ಮಗಳ ಅಂಗಳದಲ್ಲಿ ಬಿಟ್ಟುಹೋಗಿದ್ದ ಹಸಿರು ಸೈಕಲ್ಲು ಅದು. ಅವರು ತಮ್ಮ ಮೊದಲ ಸಂಬಳದಲ್ಲಿ ಕೊಂಡದ್ದು. ಫೋನ್ ಮಾಡಿದಾಗಲೆಲ್ಲ ಅವರು ಮೊದಲು ಸೈಕಲ್ಲಿನ ಆರೋಗ್ಯ ವಿಚಾರಿಸಿ, ಆಮೇಲೆ ಮಗಳದ್ದು ವಿಚಾರಿಸಿ ಫೋನ್ ಇಡುತ್ತಿದ್ದರು. ಅಳಿಯನ ಸರದಿ ಬರುತ್ತಲೇ ಇರಲಿಲ್ಲ.

"ಒಂದು ಗೀಚೂ ಬೀಳಬಾರದು," ಎಂದಳು ತೂಬಾ.

"ಮಗು ಥರ ಎತ್ಕೊಂಡು ಹೋಗ್ತೀನಿ ಕಣೇ," ಎಂದ ಯದುಲ್ಲಾ. ಮಿಠಾಯಿ ಅಂಗಡಿಗೆ ರಜೆ ಹೇಳಿ, ರಾತ್ರಿಯೇ ಸೈಕಲ್ಲನ್ನು ಒರೆಸಿ, ಎಣ್ಣೆ ಬಿಟ್ಟು, ಹಳೆಯ ಕಂಬಳಿ ಸುತ್ತಿದ. ಗಂಟೆ ಸುಮ್ಮನಿರಲಿ ಎಂದು ತನ್ನದೇ ಉಣ್ಣೆಯ ಮಫ್ಲರ್ ಕಟ್ಟಿದ.

ಬೆಳಗ್ಗೆ ಏಳರ ಇಸ್ಫಹಾನ್ ಬಸ್ಸಿನ ಡಿಕ್ಕಿಯೊಳಗೆ ಕೈ ತೂರಿಸಲೂ ಜಾಗವಿರಲಿಲ್ಲ. ಒಂದು ಕಡೆ ಪಿಂಗಾಣಿ ಪಾತ್ರೆಯ ಪೆಟ್ಟಿಗೆಗಳು, ಇನ್ನೊಂದು ಕಡೆ ದಾಳಿಂಬೆಯ ಬುಟ್ಟಿಗಳು. ಡ್ರೈವರ್ ಉಸ್ತಾದ್ ಕರಮ್ ಕಂಬಳಿಯ ಗಂಟನ್ನು ನೋಡಿ, "ಇದೇನಪ್ಪಾ, ಆಡನ್ನ ಕದ್ದು ತಂದಿದೀಯಾ?" ಎಂದು ಕೇಳಿದ.

"ಸೈಕಲ್ಲು, ಉಸ್ತಾದ್."

"ಹಾಗಾದ್ರೆ ತುಳ್ಕೊಂಡು ಹೋಗು. ನಂಗ್ಯಾಕೆ ಹೇಳ್ತೀಯ?"

ಯದುಲ್ಲಾನ ಮುಖ ಇಳಿದದ್ದು ಕಂಡು ಟಿಕೆಟ್ ಕಿಟಕಿಯವನಿಗೆ ಮರುಕ ಹುಟ್ಟಿತು. "ನಿನ್ನ ಪಕ್ಕದ ಇಪ್ಪತ್ತೇಳು ಖಾಲಿ ಇದೆ. ಅದಕ್ಕೂ ಒಂದು ಟಿಕೆಟ್ ತಗೊಂಡುಬಿಡು. ಹೆಸರೇನು?"

"ಯಾರ ಹೆಸರು?"

"ಹೆಸರಿಲ್ದೆ ಈ ಕಂಪ್ಯೂಟರ್ ಟಿಕೆಟ್ ಕೊಡಲ್ಲ ಮಾರಾಯ. ಸೈಕಲ್ ಯಾರ್ದು?"

"ನಮ್ಮಾವಂದು. ಹಾಜಿ ನುಸ್ರತ್ ಜಲಾಲಿ."

ಟಪಟಪನೆ ಬೆರಳಾಡಿತು. ಪ್ರಯಾಣಿಕರ ಪಟ್ಟಿಯಲ್ಲಿ ಇಪ್ಪತ್ತೇಳನೆಯವರಾಗಿ ಹಾಜಿ ನುಸ್ರತ್ ಜಲಾಲಿ ಕೂತರು.

ಮುಂದಿನ ಚಕ್ರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಉಳಿದದ್ದನ್ನು ಕಿಟಕಿ ಪಕ್ಕ ನಿಲ್ಲಿಸಿ, ಯದುಲ್ಲಾ ಅದಕ್ಕೆ ಸೀಟಿನ ಬೆಲ್ಟ್ ಬಿಗಿದ. ಮುಂದಿನ ಸಾಲಿನ ಮುದುಕಿ ಬೀಬಿ ಸಕೀನಾ ತಿರುಗಿ ನೋಡಿದಳು. "ಯಾರು ಮಗಾ ಇವರು? ಚಳಿಜ್ವರವಾ?"

ಯದುಲ್ಲಾ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹತ್ತು ನಿಮಿಷದಲ್ಲಿ ಇಡೀ ಬಸ್ಸಿಗೆ ವಿಷಯ ತಿಳಿಯಿತು. ಅಲ್ಲಿಂದ ಸೈಕಲ್ಲಿಗೆ ಹಾಜಿ ಎಂದೇ ಹೆಸರಾಯಿತು. ಬಿಸಿಲು ಬಿದ್ದರೆ "ಹಾಜಿಗೆ ಪರದೆ ಎಳೀರಿ", ಬಸ್ಸು ಎತ್ತಿಹಾಕಿದರೆ "ಹಾಜಿ ಹುಷಾರು!" ಬಿಸ್ಕತ್ತಿನ ಪೊಟ್ಟಣ ಹಂಚಿದಾಗ ಇಪ್ಪತ್ತೇಳನೇ ಸೀಟಿನ ಪಾಲನ್ನು ನಿವೃತ್ತ ಮೇಷ್ಟ್ರು ವಫಾಯಿ ತಗೊಂಡರು. "ಹಾಜಿಗೆ ಸಕ್ಕರೆ ಕಾಯಿಲೆ ಇರಬಹುದು. ಈ ವಯಸ್ಸಲ್ಲಿ ರಿಸ್ಕ್ ಬೇಡ," ಎಂದರು.

ಮರಳುಗಾಡಿನ ನಡುವಿನ ಪೊಲೀಸ್ ಚೌಕಿಯಲ್ಲಿ ಬಸ್ಸು ನಿಂತಿತು. ಇಸ್ತ್ರಿ ಮಾಡಿದ ಸಮವಸ್ತ್ರದಷ್ಟೇ ಇಸ್ತ್ರಿಯಾದ ಮುಖದ ಅಧಿಕಾರಿಯೊಬ್ಬರು ಪಟ್ಟಿ ಹಿಡಿದು ಹತ್ತಿದರು. ತಲೆಗಳನ್ನು ಎಣಿಸಿದರು. ಮತ್ತೆ ಎಣಿಸಿದರು.

"ಒಂದು ಕಡಿಮೆ. ನುಸ್ರತ್ ಜಲಾಲಿ ಎಲ್ಲಿ?"

"ಇಲ್ಲೇ ಇದಾರೆ!" ಎಂದು ಇಡೀ ಬಸ್ಸು ಒಂದೇ ದನಿಯಲ್ಲಿ ಕೂಗಿತು.

ಅಧಿಕಾರಿ ಬಂದು ಕಂಬಳಿ ಎತ್ತಿದರು. ಹ್ಯಾಂಡಲ್ ಕಂಡಿತು. ಅವರು ಕಂಬಳಿಯನ್ನು ಮೆಲ್ಲಗೆ ಮುಚ್ಚಿದರು. "ನಾನು ಮನುಷ್ಯನನ್ನ ಕೇಳ್ದೆ."

"ಮನುಷ್ಯ ಇಲ್ಲ ಜನಾಬ್, ಸೈಕಲ್ಲೇ..." ಎಂದು ಯದುಲ್ಲಾ ಶುರುಮಾಡುವಷ್ಟರಲ್ಲಿ, ಬೇಗ ಊರು ಸೇರುವ ಆತುರದಲ್ಲಿದ್ದ ಮೇಷ್ಟ್ರು ಬಾಯಿ ಹಾಕಿದರು. "ಹಾಜಿ ಈಗ ತಾನೇ ಇಳಿದ್ರು ಜನಾಬ್, ಬಹಿರ್ದೆಸೆಗೆ. ಬಂದ್ಬಿಡ್ತಾರೆ. ನೀವು ಸೀಲ್ ಹಾಕಿ."

"ನಾನು ಬಾಗಿಲಲ್ಲೇ ನಿಂತಿದ್ದೆ. ಯಾರೂ ಇಳೀಲಿಲ್ಲ."

"ಹಾಗಾದ್ರೆ ಹಿಂದಿನ ಊರಲ್ಲೇ ಇಳಿದಿರ್ಬೇಕು," ಎಂದಿತು ಹಿಂದಿನ ಸೀಟಿನಿಂದ ಒಂದು ದನಿ.

"ಪಾಪ, ಹೊಟ್ಟೆ ಸರಿ ಇರ್ಲಿಲ್ಲ ಅವರಿಗೆ," ಎಂದಿತು ಇನ್ನೊಂದು.

ಅಧಿಕಾರಿಯ ಹುಬ್ಬು ಟೋಪಿಯೊಳಕ್ಕೆ ಹೋಯಿತು. ಯದುಲ್ಲಾನ ಕಡೆ ತಿರುಗಿದರು. "ಸೈಕಲ್ ನಿನ್ನ ಹತ್ರ ಇದೆ. ಸೈಕಲ್ಲಿನ ಯಜಮಾನ ಇಲ್ಲ. ಏನು ಮಾಡ್ದೆ ಅವರನ್ನ?"

"ಅಯ್ಯೋ ಜನಾಬ್, ಮಾವ ಇಸ್ಫಹಾನಿನ ಮನೇಲಿ ಚಾ ಕುಡೀತಾ ಇದಾರೆ. ಬೇಕಾದ್ರೆ ಫೋನ್ ಹಚ್ಚಿ!"

ಚೌಕಿಯೊಳಗೆ ಫೋನು ಹಚ್ಚಿದರು. ಎತ್ತಿದ್ದು ಅತ್ತೆ. ದನಿ ಎಲ್ಲರಿಗೂ ಕೇಳುವಂತೆ ಅಧಿಕಾರಿ ಗುಂಡಿ ಒತ್ತಿದರು.

"ನುಸ್ರತ್ ಜಲಾಲಿ ಮನೇಲಿದಾರಾ ತಾಯಿ?"

"ಇಲ್ವಲ್ಲಪ್ಪಾ. ಬೆಳಗ್ಗೇನೇ ಬಸ್ ಹತ್ತಿದ್ರು. ಯಾಕೆ, ಏನಾಯ್ತು?"

ಅಷ್ಟರಲ್ಲಿ ಮರಳುಗಾಡಿನ ಫೋನು ಕೈಕೊಟ್ಟಿತು. ಅಧಿಕಾರಿ ಯದುಲ್ಲಾನನ್ನು ದಿಟ್ಟಿಸಿ ನೋಡಿದರು. ಮಾವ ಬಸ್ ಹತ್ತಿದ್ದಾರೆ! ಯಾವ ಬಸ್ಸು? ಎಲ್ಲಿಗೆ? ಒಂದು ಗಳಿಗೆ, ನಿಜಕ್ಕೂ ಪಕ್ಕದಲ್ಲಿ ಮಾವನೇ ಕೂತಿದ್ದರೇ, ತಾನೇ ಗಮನಿಸಲಿಲ್ಲವೇ ಎಂದು ಅವನಿಗೇ ಅನುಮಾನ ಬಂತು.

"ಹುಡುಕಿ!" ಎಂದರು ಅಧಿಕಾರಿ.

ಬಸ್ಸಿಗೆ ಬಸ್ಸೇ ಇಳಿಯಿತು. ಉಸ್ತಾದ್ ಕರಮ್ ರಸ್ತೆಯ ಆಚೆ, ಮೇಷ್ಟ್ರು ಈಚೆ, ಹೆಂಗಸರು ಚೌಕಿಯ ಹಿಂದೆ. ಬೀಬಿ ಸಕೀನಾ ಇಲ್ಲದ ಮನುಷ್ಯನಿಗಾಗಿ ನಿಜವಾದ ಕಣ್ಣೀರು ಹಾಕಿದಳು. "ಎಂಥಾ ಒಳ್ಳೆಯವರು. ದಾರೀಲಿ ಒಂದು ಮಾತು ಜೋರಾಗಿ ಆಡಲಿಲ್ಲ!" ಕೊನೆಗೆ ಯದುಲ್ಲಾನೂ ಕೈ ಬಾಯಿಗಿಟ್ಟು, ಖಾಲಿ ಬಯಲಿನ ಕಡೆ, "ಮಾವಾ! ಓ ಮಾವಾ!" ಎಂದು ಕೂಗತೊಡಗಿದ.

"ಯಾಕೋ ಕತ್ತೆ ಥರ ಕಿರಿಚ್ತೀಯ?"

ಯದುಲ್ಲಾ ತಿರುಗಿ ನೋಡಿದ. ಎದುರಿನಿಂದ ಬಂದ ಇಸ್ಫಹಾನ್–ಯಜ್ದ್ ಬಸ್ಸು ತಪಾಸಣೆಗೆ ನಿಂತಿತ್ತು. ಅದರ ಬಾಗಿಲಲ್ಲಿ, ಕೈಯಲ್ಲಿ ಸೂಟ್‌ಕೇಸು, ತಲೆಯ ಮೇಲೆ ಟೋಪಿ, ಸಾಕ್ಷಾತ್ ಹಾಜಿ ನುಸ್ರತ್ ಜಲಾಲಿ!

"ಸಿಕ್ಕಿದ್ರು! ಹಾಜಿ ಸಿಕ್ಕಿದ್ರು!" ಎಂದು ಜನ ಓಡಿಬಂದರು. ಬೀಬಿ ಸಕೀನಾ ಅವರ ಸೂಟ್‌ಕೇಸಿಗೆ ಮುತ್ತಿಟ್ಟಳು. ಜೀವಮಾನದಲ್ಲಿ ಕಂಡಿರದ ನಲವತ್ತು ಜನ ತನ್ನನ್ನು ಕಂಡು ಇಷ್ಟು ಖುಷಿಪಡುವುದೇಕೆಂದು ತಿಳಿಯದೆ ಹಾಜಿಯವರು ಕಂಗಾಲಾದರು.

"ಮಾವಾ, ನೀವು ಇಲ್ಲಿ?"

"ನಿಮ್ಮನೆಗೇ ಹೊರಟಿದ್ದೆ. ದಿನಾ ಸೈಕಲ್ ತುಳೀಬೇಕು ಅಂದಿದಾರೆ ಡಾಕ್ಟ್ರು. ಇಸ್ಫಹಾನಿನ ಗಾಡಿಗಳ ನಡುವೆ ತುಳಿದ್ರೆ ಆಯಸ್ಸು ಮುಗಿಯುತ್ತೆ. ಆರು ತಿಂಗಳು ಮಗಳ ಮನೇಲಿರ್ತೀನಿ, ಸೈಕಲ್ಲಿಗೆ ಎಣ್ಣೆ ಬಿಟ್ಟಿಡು, ನಾಳೇನೇ ಬರ್ತೀನಿ ಅಂತ ತೂಬಾಗೆ ಫೋನಲ್ಲಿ ಹೇಳಿದ್ದೆನಲ್ಲ! ನೀನ್ಯಾಕೆ ಮರಳುಗಾಡಲ್ಲಿ ನಿಂತಿದೀಯ?"

ಬದನೆಕಾಯಿ ಹುರಿಯುವ ಸದ್ದಿನಲ್ಲಿ ತೂಬಾಳ ಕಿವಿಗೆ ಬಿದ್ದದ್ದು ಎಷ್ಟು ಎಂಬುದು ಯದುಲ್ಲಾನಿಗೆ ಈಗ ಹೊಳೆಯಿತು. ಅವನು ಮಾವನನ್ನು ಬಸ್ಸಿನೊಳಕ್ಕೆ ಕರೆದೊಯ್ದು ಕಂಬಳಿ ಸರಿಸಿದ.

ಹಾಜಿಯವರು ಬಹಳ ಹೊತ್ತು ನೋಡಿದರು. ಮಫ್ಲರ್ ಬಿಚ್ಚಿ ಗಂಟೆಯನ್ನು ಬೆರಳಿನಿಂದ ಸವರಿದರು. ಪೆಡಲು, ಸೀಟು, ಮಡ್‌ಗಾರ್ಡು ಎಲ್ಲ ಮುಟ್ಟಿ ನೋಡಿದರು. "ಒಂದು ಗೀಚೂ ಇಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. ಒಂಬತ್ತು ವರ್ಷದಲ್ಲಿ ಅಳಿಯನಿಗೆ ಸಿಕ್ಕ ಮೊದಲ ಹೊಗಳಿಕೆ ಅದು.

"ಹಾಗಾದ್ರೆ ನಾವಿಬ್ರೂ ಸೈಕಲ್ ತಗೊಂಡು ನಿಮ್ಮ ಬಸ್ಸಲ್ಲೇ ಯಜ್ದ್‌ಗೆ ಹೋಗೋಣ ಮಾವಾ," ಎಂದ.

"ಯಾರೂ ಎಲ್ಲೂ ಹೋಗಲ್ಲ," ಎಂದರು ಅಧಿಕಾರಿ. ಅವರ ಎರಡು ಕೈಯಲ್ಲಿ ಎರಡು ಪಟ್ಟಿ. "ಈ ಪಟ್ಟೀಲಿ ಒಬ್ಬ ನುಸ್ರತ್ ಯಜ್ದ್‌ಗೆ ಹೋಗ್ತಿದಾನೆ. ಅದು ಮನುಷ್ಯ. ಆ ಪಟ್ಟೀಲಿ ಒಬ್ಬ ನುಸ್ರತ್ ಇಸ್ಫಹಾನಿಗೆ ಹೋಗ್ತಿದಾನೆ. ಅದು ಸೈಕಲ್ಲು. ಲೆಕ್ಕ ಸರಿಹೋಯ್ತು. ಇನ್ನು ನಾನು ಒಂದಕ್ಷರ ತಿದ್ದಲ್ಲ. ಯದುಲ್ಲಾ ಅನ್ನೋನೂ ಇಸ್ಫಹಾನಿಗೆ."

"ಜನಾಬ್, ಸೈಕಲ್ ಬೇಕಾಗಿರೋದು ಯಜ್ದ್‌ನಲ್ಲಿ!"

"ಅದನ್ನ ಬೆಳಗ್ಗೆ ಯಜ್ದ್‌ನಲ್ಲಿ ಯೋಚಿಸಬೇಕಿತ್ತು," ಎಂದು ಎರಡೂ ಪಟ್ಟಿಗೆ ಠಪ್ ಠಪ್ ಎಂದು ಸೀಲ್ ಒತ್ತಿದರು.

ಎರಡೂ ಬಸ್ಸು ಹಾರ್ನ್ ಹೊಡೆದವು. ಹಾಜಿಯವರು ತಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ಅಳಿಯನನ್ನು ಕರೆದರು. ಅವರ ದನಿಯಲ್ಲಿ ಎಂದೂ ಇಲ್ಲದ ಮೃದುತನವಿತ್ತು.

"ಯದುಲ್ಲಾ, ನಿನ್ನ ಮೇಲೆ ಇವತ್ತು ನಂಬಿಕೆ ಬಂತು ಕಣಪ್ಪಾ."

"ನಿಮ್ಮ ದೊಡ್ಡ ಮನಸ್ಸು ಮಾವಾ!"

"ಆದ್ರೆ ಬಸ್ಸಿನವರ ಮೇಲೆ ಬರಲಿಲ್ಲ. ಇಳಿಸೋವಾಗ ಹತ್ತಿಸೋವಾಗ ಎಲ್ಲಾದ್ರೂ ತಗುಲಿಸ್ತಾರೆ. ವಾಪಸ್ ಬರುವಾಗ ಬಸ್ಸು ಬೇಡ. ತುಳ್ಕೊಂಡೇ ಬಾ. ನಿಧಾನವಾಗಿ ಬಾ, ಅವಸರ ಇಲ್ಲ. ಮುನ್ನೂರೇ ಕಿಲೋಮೀಟರು."

ಬಸ್ಸು ಯಜ್ದ್ ಕಡೆ ಹೊರಟುಹೋಯಿತು. ಯದುಲ್ಲಾ ಬಂದು ಸೈಕಲ್ಲಿನ ಪಕ್ಕ ಕೂತು, ಕಿಟಕಿಯಾಚೆ ಕಣ್ಣು ಹಾಯುವವರೆಗೂ ಚಾಚಿದ್ದ ಮರಳನ್ನೂ ಏರು ರಸ್ತೆಯನ್ನೂ ನೋಡಿದ.

ಬೀಬಿ ಸಕೀನಾ ಹಿಂದಕ್ಕೆ ಒರಗಿಸಿದ್ದ ತನ್ನ ಸೀಟನ್ನು ನೆಟ್ಟಗೆ ಮಾಡಿಕೊಂಡು ಅವನಿಗೆ ಜಾಗ ಮಾಡಿದಳು.

"ಕಾಲು ಚಾಚ್ಕೋ ಮಗಾ," ಎಂದಳು. "ಇವತ್ತೊಂದಿನ ಅವಕ್ಕೆ ರೆಸ್ಟ್ ಕೊಡು."