ಯುರೋಪ್ ಸುತ್ತಿದ ಜೋಡಿ, ಬನಹಟ್ಟಿಯಲ್ಲಿ ಸಿಕ್ಕಿಬಿದ್ದ ಮ್ಯಾನೇಜರ್

ಟಾಕೀಸಿನ ಮ್ಯಾನೇಜರ್ ಆಗಿ ಇಪ್ಪತ್ತೆರಡು ವರ್ಷವಾಯಿತು. ಇನ್ನು ಬೆಚ್ಚಿಬೀಳುವಂಥದ್ದೇನೂ ಉಳಿದಿಲ್ಲ ಎಂದು ಪ್ರತಿ ಶುಕ್ರವಾರ ಅಂದುಕೊಳ್ಳುತ್ತೇನೆ. ಶನಿವಾರದೊಳಗೆ ಬೆಚ್ಚಿಬಿದ್ದಿರುತ್ತೇನೆ. ಮೊನ್ನೆ ಬನಹಟ್ಟಿಯ ನಮ್ಮ ಟಾಕೀಸಿಗೆ ಗಂಡ ಹೆಂಡತಿ ಯುರೋಪ್ ಸುತ್ತುವ ನಗೆ ಸಿನಿಮಾ ಬಂದಿತ್ತು. ಪರದೆಯ ಮೇಲೆ ಅವರು ಆರಾಮವಾಗಿ ತಿರುಗುತ್ತಿದ್ದರು. ಆಘಾತವೆಲ್ಲ ಕೆಳಗೆ ಕೂತವರಿಂದ ನನಗೆ.

ಅದಕ್ಕೂ ಮೊದಲು ನನ್ನ ಹೆಂಡತಿಯ ಸುದ್ದಿ ಹೇಳಬೇಕು. ಮದುವೆಯಾದಾಗಿನಿಂದ ಅವಳದು ಒಂದೇ ಬೇಡಿಕೆ: "ಒಂದ ಪಿಕ್ಚರ್ ಅರ ನನ್ನ ಬಾಜೂಕ ಕುಂತ ಪೂರಾ ನೋಡ್ರಿ." ಪ್ರತಿ ಸಲ ಕೂರುತ್ತೇನೆ. ಪ್ರತಿ ಸಲ ಗೇಟಿನಲ್ಲಿ ಜಗಳವೋ ಜನರೇಟರಿನ ತಂಟೆಯೋ ಬಂದು ಎದ್ದು ಹೋಗುತ್ತೇನೆ. ಈ ಸಲ "ರವಿವಾರ ಮ್ಯಾಟ್ನಿಗೆ ಖರೇನ ಕುಂದ್ರತೀನಿ" ಎಂದು ಮಾತು ಕೊಟ್ಟೆ.

"ಈ ಸಲ ಎದ್ದ್ರ, ಇನ್ನ ಮುಂದ ನಾ ಕೇಳೂದಿಲ್ರಿ" ಎಂದಳು. ಬೈದಿದ್ದರೆ ಚಿಂತೆ ಇರಲಿಲ್ಲ. ಹೀಗೆ ಸಿಟ್ಟಿಲ್ಲದೆ ಹೇಳಿದ್ದಕ್ಕೆ ನನಗೆ ಖರೆ ಹೆದರಿಕೆಯಾಯಿತು.

೧. ಚಪ್ಪಲಿ

ಶುಕ್ರವಾರದ ಮೊದಲ ಆಟಕ್ಕೆ ಮುಧೋಳದಿಂದ ಒಂದು ದೊಡ್ಡ ಮನೆತನ ಬಂದಿತ್ತು. ಮಾವ, ಅತ್ತೆ, ಮಕ್ಕಳು, ಸೊಸೆಯರು ಸೇರಿ ಹನ್ನೊಂದು ಮಂದಿ, ಒಂದು ಸಾಲು ಪೂರ್ತಿ ಅವರದೇ. ಪರದೆಯ ಮೇಲೆ ಪ್ಯಾರಿಸ್ಸಿನ ಗೋಪುರದ ಕೆಳಗೆ ಗಂಡ ಹೆಂಡತಿಯ ಮುಖಗಳು ಹತ್ತಿರ ಹತ್ತಿರ ಬಂದವು. ನಾನು ಹಿಂದಿನಿಂದ ನೋಡುತ್ತೇನೆ, ಮಾವ ತಟ್ಟನೆ ಮಾಯ! ಆಮೇಲೆ ಅತ್ತೆ. ಆಮೇಲೆ ಇಡೀ ಸಾಲೇ ಖಾಲಿ!

ಎಲ್ಲರಿಗೂ ಒಮ್ಮೆಲೇ ಚಕ್ಕರ್ ಬಂತೇನೋ ಎಂದು ಬ್ಯಾಟರಿ ಹಿಡಿದು ಓಡಿದೆ. ಕುರ್ಚಿಗಳ ಕೆಳಗೆ ಹನ್ನೊಂದು ತಲೆಗಳು ಚಪ್ಪಲಿ ಹುಡುಕುತ್ತಿದ್ದವು. ಚಪ್ಪಲಿ ಎಲ್ಲರ ಕಾಲಲ್ಲೇ ಇತ್ತು.

"ಏನ್ ಕಳಕೊಂಡೀರಿ ಯಜಮಾನ್ರ?" ಎಂದೆ.

"ಮೊದಲ ಬ್ಯಾಟರಿ ಬಂದ್ ಮಾಡ್ರಿ" ಎಂದರು ಮಾವ ಕೆಳಗಿನಿಂದಲೇ. "ಅವರದು ಮುಗೀತೇನು, ಅಷ್ಟ ನೋಡಿ ಹೇಳ್ರಿ."

೨. ಯಾರ ಕುರಿ?

ಶನಿವಾರ ಬೀಳಗಿ ಕಡೆಯ ಕುರಿ ಕಾಯುವ ಅಜ್ಜ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬಂದ. ಸ್ವಿಟ್ಜರ್‌ಲೆಂಡಿನ ಗುಡ್ಡದಲ್ಲಿ ಜೋಡಿ ಹಾಡು ಹೇಳಿ ಕುಣಿಯುತ್ತಿತ್ತು. ಅವರ ಹಿಂದೆ ಕುರಿಹಿಂಡು. ಅಜ್ಜ ಎದ್ದು ನಿಂತೇಬಿಟ್ಟ.

"ಯಾರವಲೇ ಈ ಕುರಿ? ಕಾಯವ್ರ ಇಲ್ಲಲ್ಲೋ!"

ಹಾಡು ಮುಗಿದದ್ದೇ ಗಾಬರಿಯಿಂದ ನನ್ನ ಕೋಣೆಗೆ ಬಂದ. "ತಮ್ಮಾ, ಎಡಕ ಒಂದು ಕರೀ ಮಾರಿ ಕುರಿ ಕುಂಟಾಕತ್ತಿತ್ತು. ಅವರಿಬ್ಬರೂ ನೋಡದ ಹಂಗ ಕುಣಕೋತ ಹ್ವಾದ್ರು. ಎಂಥಾ ಮಂದಿ ಅವರು?"

ಅದು ಸಿನಿಮಾ ಎಂದು ಬಗೆಬಗೆಯಾಗಿ ತಿಳಿಹೇಳಿದೆ. ಹೂಂ ಎಂದು ತಲೆಯಾಡಿಸಿ ಹೋದ. ರವಿವಾರ ನೋಡಿದರೆ ಮತ್ತೆ ಟಿಕೆಟಿನ ಸಾಲಿನಲ್ಲಿ ಅದೇ ಅಜ್ಜ!

"ಮತ್ಯಾಕ ಬಂದ್ರಿ ಅಜ್ಜಾರ?"

"ಇವತ್ತ ಆ ಕುರಿ ಕಾಲ ಹೆಂಗೈತಿ ನೋಡಬೇಕಲ್ಲ."

೩. ಪಿಸುಮಾತು

ನಮ್ಮ ರಬಕವಿ-ಬನಹಟ್ಟಿ ಮಂದಿ ಬೆಳಗಿನಿಂದ ಸಂಜೆತನಕ ವಿದ್ಯುತ್ ಮಗ್ಗದ ಸಪ್ಪಳದಲ್ಲಿ ಮಾತಾಡಿ ಬೆಳೆದವರು. ಅವರ ಪಿಸುಮಾತೆಂದರೆ ಬೇರೆ ಊರಿನವರ ಕೂಗು. ಇದು ಅವರಿಗೆ ಮಾತ್ರ ಗೊತ್ತಿಲ್ಲ.

ಒಬ್ಬ ಹೊಸ ಮದುಮಗ ಹೆಂಡತಿಯ ಕಿವಿಯಲ್ಲಿ ಗುಟ್ಟು ಹೇಳಿದ: "ಅವ್ವಗ ಹೇಳಬ್ಯಾಡ, ದೀಪಾವಳಿಗೆ ನಾವಿಬ್ರ ಗೋವಾಕ್ಕ ಹೋಗೂನು." ಗುಟ್ಟು ಹೊರಗೆ ಗೇಟಿನಲ್ಲಿದ್ದ ನನಗೂ ಕೇಳಿಸಿತು. ಮೂರು ಸಾಲು ಮುಂದೆ ಒಬ್ಬ ಹೆಣ್ಣುಮಗಳು ಹೊರಳಿ ನೋಡಿದಳು. ಅವನ ಅವ್ವ!

"ನನಗ ಬಸ್ಸಿನ್ಯಾಗ ಖಿಡಕಿ ಬಾಜೂಕಿನ ಸೀಟ್ ಹಿಡೀಪಾ" ಎಂದಳು.

೪. ಕರೆಂಟ್ ಹೋದಾಗ

ರವಿವಾರ ಮ್ಯಾಟ್ನಿ. ಹೆಂಡತಿ ಹೊಸ ಸೀರೆ ಉಟ್ಟು ಬಂದಳು. ಕೊನೆಯ ಸಾಲಿನಲ್ಲಿ ಅವಳ ಪಕ್ಕ ಕೂತೆ. ಇಂಟರ್ವಲ್ ಮುಗಿದರೂ ಏಳಲಿಲ್ಲ. ನನಗೇ ನನ್ನ ಮೇಲೆ ಅಭಿಮಾನ ಉಕ್ಕಿತು.

ಪರದೆಯ ಮೇಲೆ ಗಂಡ ಪರದೇಶದ ರೈಲು ನಿಲ್ದಾಣದಲ್ಲಿ ಹೆಂಡತಿಯನ್ನು ಮರೆತು ರೈಲು ಹತ್ತಿಬಿಟ್ಟ. ಅಷ್ಟರಲ್ಲಿ ಕರೆಂಟ್ ಹೋಯಿತು. ಟಾಕೀಸಷ್ಟೇ ಅಲ್ಲ, ಸುತ್ತಲಿನ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ನಮ್ಮೂರಲ್ಲಿ ಅಂಥ ಮೌನ ಅಪರೂಪ. ಆ ಮೌನದಲ್ಲಿ, ಮಗ್ಗದ ಮನೆಯಲ್ಲೇ ಹುಟ್ಟಿ ಬೆಳೆದ ನನ್ನ ಹೆಂಡತಿ ಕಿವಿಯಲ್ಲಿ ಪಿಸುಗುಟ್ಟಿದಳು:

"ಅಂವ ವಾಸಿ ಬಿಡ್ರಿ, ಒಂದ ಸಲ ಬಿಟ್ಟ ಹ್ವಾದ. ನೀವು ಇಪ್ಪತ್ತೆರಡ ವರ್ಷದಿಂದ ಬಿಟ್ಟ ಹೋಗಾಕತ್ತೀರಿ."

ಇಡೀ ಟಾಕೀಸು ಕೇಳಿಸಿಕೊಂಡಿತು. ನಾನು ದಂಗಾಗಿಹೋದೆ. ಆದರೆ ಹಾಳು ರೂಢಿ ನೋಡಿ, ಕಾಲುಗಳು ತಾವಾಗಿ ಎದ್ದು ನಿಂತವು.

"ಏ ಮ್ಯಾನೇಜರ್ರ, ಕುಂದರ್ರೀ!" ಎಂದು ನಾಲ್ಕೂ ಕಡೆಯಿಂದ ಕೂಗು ಬಂತು.

"ಜನರೇಟರ್ ಹಚ್ಚಬೇಕ್ರೆಪಾ..."

"ಏನೂ ಬ್ಯಾಡ್ರಿ! ಕುಂದರ್ರಿ ಮೊದಲ!"

ಎರಡು ನಿಮಿಷ ಕರೆಂಟ್ ಹೋದರೆ ನನ್ನ ಮೇಲೆ ಶೇಂಗಾ ಸಿಪ್ಪೆ ಎಸೆಯುವ ಮಂದಿ ಇವರು! ಮುಂದಿನಿಂದ ಕುರಿ ಅಜ್ಜನ ದನಿ: "ನನ್ನ ಕುರಿ ನೋಡೂದು ಆತು, ಅವಸರಿಲ್ಲ. ಅಕಿ ಬಾಜೂಕ ಕುಂದ್ರೋ ತಮ್ಮಾ."

ಕೂತೆ. "ತಪ್ಪಾತು. ಇನ್ನ ಏಳೂದಿಲ್ಲ" ಎಂದೆ.

ಅವಳು ನನ್ನ ಕೈ ಹಿಡಿದು, ಕಿವಿಗೆ ಬಾಯಿ ಹಚ್ಚಿ, ಜೀವನದಲ್ಲಿ ಮೊದಲ ಸಲ ನಿಜವಾಗಿಯೂ ಸಣ್ಣ ದನಿಯಲ್ಲಿ ಒಂದು ಮಾತು ಹೇಳಿದಳು. ನನ್ನ ಕಣ್ಣು ತುಂಬಿ ಬಂತು. ಟಾಕೀಸಿಗೆ ಟಾಕೀಸೇ ಕಿವಿ ನಿಮಿರಿಸಿತು.

ಆಮೇಲೆ ಕತ್ತಲಿನಿಂದ ಒಂದು ದನಿ ಬಂತು: "ಅಕ್ಕಾರ, ನಮಗ ಕೇಳಸಲಿಲ್ರಿ. ಇನ್ನೊಮ್ಮೆ ಜೋರಾಗಿ ಹೇಳ್ರಿ!"